ಗಂಡನೂ ಮನೆ ಬಿಡಬೇಕೆನ್ನುವ ವಾಕ್ಯ

(ಕ್ರೈಸ್ತ ಕುಟುಂಬಗಳಲ್ಲಿ ಬೈಬಲ್ ಆಧಾರದ ದಾಂಪತ್ಯ ಸಲಹೆ ಕುರಿತು ವಿಶ್ವೇಶ್ವರಪುರಂನಲ್ಲಿ ಮಾಡಿದ ಭಾಷಣದ ಬರಹರೂಪ)



ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ನಮಗೆಲ್ಲ ಬಾಯಿಪಾಠ. ಉಂಡು ಮಲಗಿ ಬೆಳಗಾದರೂ ಮುಗಿಯದ ಜಗಳಗಳ ಬಗ್ಗೆ ಗಾದೆ ಏನೂ ಹೇಳುವುದಿಲ್ಲ. ಅಂಥ ಜಗಳಗಳಿಗಾಗಿ ಪ್ರತಿಯೊಂದು ಸಮುದಾಯವೂ ಒಂದೊಂದು ಏರ್ಪಾಡು ಮಾಡಿಕೊಂಡಿದೆ. ಕೆಲವರಲ್ಲಿ ಕುಲದ ಹಿರಿಯರು ಸೇರುತ್ತಾರೆ, ಕೆಲವರಲ್ಲಿ ಮಠಕ್ಕೆ ಹೋಗುತ್ತಾರೆ, ಕೆಲವರಲ್ಲಿ ಸೋದರಮಾವ ಬಂದು ಕೂರುತ್ತಾನೆ. ಕ್ರೈಸ್ತರಲ್ಲಿ ಈ ಕೆಲಸ ಚರ್ಚಿನದು. ಅಲ್ಲಿ ಪಾದ್ರಿಯೋ, ತರಬೇತಿ ಪಡೆದ ಸಲಹೆಗಾರರೋ, ಹಿರಿಯ ದಂಪತಿಯೋ ಬೈಬಲನ್ನು ಮುಂದಿಟ್ಟುಕೊಂಡು ಗಂಡ ಹೆಂಡತಿಯನ್ನು ಎದುರು ಕೂರಿಸಿ ಮಾತಾಡುತ್ತಾರೆ. ಇಂದು ನಾನು ಹೇಳಹೊರಟಿರುವುದು ಇದರ ಬಗ್ಗೆ.

ವಿಶ್ವೇಶ್ವರಪುರಂನಲ್ಲಿ ನಿಂತು ಈ ಮಾತು ಯಾಕೆ ಎಂದು ಕೆಲವರಿಗೆ ಅನ್ನಿಸಿರಬಹುದು. ಸಜ್ಜನರಾವ್ ವೃತ್ತ, ತಿಂಡಿ ಬೀದಿ, ಲಾಲ್‌ಬಾಗಿನ ಪಶ್ಚಿಮದ ಗೇಟು ಎಂದರೆ ನೆನಪಿಗೆ ಬರುವುದು ಬೇರೆಯೇ ಚಿತ್ರ. ಆದರೆ ಇಲ್ಲಿಂದ ಚಾಮರಾಜಪೇಟೆಗೆ ಹೋದರೆ ಸೇಂಟ್ ಲ್ಯೂಕ್ಸ್ ಚರ್ಚ್ ಇದೆ. ಕೋಟೆಯೊಳಗಿದ್ದ ಹಳೆಯ ಚರ್ಚು ವಾಣಿವಿಲಾಸ ಆಸ್ಪತ್ರೆಗೆ ಜಾಗ ಬಿಟ್ಟುಕೊಟ್ಟು ಅಲ್ಲಿಗೆ ಬಂತು. ಕಾರ್ಪೊರೇಷನ್ ಹತ್ತಿರ, ಮಿಷನ್ ರಸ್ತೆಯ ಬಾಯಲ್ಲೇ, 1904ರ ಹಡ್ಸನ್ ಸ್ಮಾರಕ ಚರ್ಚ್ ಇದೆ. ಕನ್ನಡದಲ್ಲೇ ಆರಾಧನೆ ನಡೆಸುವ ಸಭೆ ಅದು. ಲಾಲ್‌ಬಾಗಿನ ಆಚೆ, ಎಚ್. ಸಿದ್ದಯ್ಯ ರಸ್ತೆಯಲ್ಲಿ ನ್ಯಾಯದೇಗುಲ ಎಂಬ ಕಟ್ಟಡವಿದೆ. ಕೌಟುಂಬಿಕ ನ್ಯಾಯಾಲಯ ಇರುವುದು ಅಲ್ಲಿ, 2007ರಲ್ಲಿ ಶುರುವಾದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರವೂ ಅಲ್ಲಿಯೇ. ಚರ್ಚಿನಲ್ಲಿ ಮುಗಿಯದ ಮಾತು ಆ ಮೆಟ್ಟಿಲು ಹತ್ತುತ್ತದೆ. ಎರಡರ ನಡುವೆ ಒಂದು ಆಟೋದ ದೂರ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ಸುಮಾರು 11 ಲಕ್ಷ 42 ಸಾವಿರ, ಅಂದರೆ ನೂರಕ್ಕೆ ಇಬ್ಬರಿಗೂ ಕಡಿಮೆ. ಸಂಖ್ಯೆ ಸಣ್ಣದು. ಆದರೆ ಇವರ ಮನೆಗಳ ಜಗಳದಲ್ಲಿ ನಮ್ಮೆಲ್ಲರ ಮನೆಯ ಜಗಳವೂ ಇದೆ.

ಮೊದಲು ಮದುವೆಗೆ ಮುನ್ನ ಏನಾಗುತ್ತದೆ ನೋಡೋಣ. ಕ್ರೈಸ್ತರ ಮದುವೆಗೆ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ ಇದೆ. (ಬೆಳಿಗ್ಗೆ 6ರಿಂದ ಸಂಜೆ 7ರೊಳಗೆ ಮದುವೆ ಆಗಬೇಕು ಎಂದು ಆ ಕಾಯ್ದೆಯ 10ನೇ ಕಲಂ ಹೇಳುತ್ತದೆ, ಕೆಲವು ವಿನಾಯಿತಿಗಳೂ ಇವೆ. ಬ್ರಾಹ್ಮೀ ಮುಹೂರ್ತದ ಮದುವೆಗಳನ್ನು ಕಂಡ ಬಸವನಗುಡಿಯವರಿಗೆ ಇದು ವಿಚಿತ್ರವಾಗಿ ಕಾಣಬಹುದು.) ಕಾನೂನಿನ ಜೊತೆಗೆ ಚರ್ಚಿನ ಪದ್ಧತಿಯೂ ಇದೆ. ಮೂರು ಭಾನುವಾರ ಆರಾಧನೆಯ ಹೊತ್ತಿನಲ್ಲಿ ಇಂಥವನಿಗೂ ಇಂಥವಳಿಗೂ ಮದುವೆ ಗೊತ್ತಾಗಿದೆ, ಆಕ್ಷೇಪ ಇದ್ದವರು ತಿಳಿಸಿ ಎಂದು ಓದಿ ಹೇಳುತ್ತಾರೆ. ಕಥೋಲಿಕರಲ್ಲಿ ಮದುವೆಗೆ ಮುಂಚೆ ತರಬೇತಿ ಶಿಬಿರಕ್ಕೆ ಹೋಗಬೇಕು. ಅಲ್ಲಿ ಹಣಕಾಸು, ಬೀಗರು, ಮಕ್ಕಳು, ಆರೋಗ್ಯ, ಪ್ರಾರ್ಥನೆ ಎಲ್ಲದರ ಬಗ್ಗೆ ಪಾಠ ನಡೆಯುತ್ತದೆ. ವೈದ್ಯರು, ವಕೀಲರು, ಮದುವೆಯಾಗಿ ವರ್ಷಗಳು ಕಳೆದ ದಂಪತಿಗಳು ಬಂದು ಮಾತಾಡುತ್ತಾರೆ.

ಇದಕ್ಕಿಂತ ನನಗೆ ದೊಡ್ಡದಾಗಿ ಕಂಡದ್ದು ಇನ್ನೊಂದು. ಕಥೋಲಿಕ ಮದುವೆಗೆ ಮುನ್ನ ಪಾದ್ರಿ ಹುಡುಗನನ್ನು, ಹುಡುಗಿಯನ್ನು ಪ್ರತ್ಯೇಕವಾಗಿ ಕೂರಿಸಿ ಪ್ರಶ್ನೆ ಕೇಳಬೇಕು. ನಿನ್ನ ಮನಸ್ಸಿನಿಂದಲೇ ಒಪ್ಪಿದ್ದೀಯಾ, ಯಾರಾದರೂ ಬಲವಂತ ಮಾಡಿದರಾ, ಏನನ್ನಾದರೂ ಮುಚ್ಚಿಟ್ಟಿದ್ದಾರಾ ಎಂಬಂಥ ಪ್ರಶ್ನೆಗಳು. ಕಾರಣ ಇಷ್ಟೆ: ಅವರ ಧರ್ಮಶಾಸನದಲ್ಲಿ ಮದುವೆ ಆಗುವುದು ಇಬ್ಬರ ಒಪ್ಪಿಗೆಯಿಂದ. ಬೆದರಿಕೆಯಿಂದ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಅದರ ಮೇಲೆ ಕಟ್ಟಿದ ಮದುವೆ ನಿಲ್ಲುವುದಿಲ್ಲ. ನಮ್ಮ ಎಷ್ಟು ಮನೆಗಳಲ್ಲಿ ಛತ್ರ ಗೊತ್ತುಮಾಡುವ ಮೊದಲು ಹುಡುಗಿಯನ್ನು ಒಬ್ಬಳನ್ನೇ ಕೂರಿಸಿ ಹೀಗೆ ಕೇಳಿದ್ದಾರೆ? ಹಾಗೆಂದು ಕ್ರೈಸ್ತರ ಮನೆಗಳಲ್ಲಿ ಬಲವಂತ ಇಲ್ಲ ಎಂದಲ್ಲ. ಲಗ್ನಪತ್ರಿಕೆ ಹಂಚಿ ಆದ ಮೇಲೆ, ಹೊರಗೆ ಅಪ್ಪ ಅಮ್ಮ ಕಾಯುತ್ತಿರುವಾಗ, ಒಳಗೆ ಕೂತ ಹುಡುಗಿ ಬೇಡ ಎನ್ನುವುದು ಸುಲಭವಲ್ಲ. ಆದರೂ ಕೇಳುವವರು ಒಬ್ಬರಿದ್ದಾರೆ.

ಈಗ ಬೈಬಲಿಗೆ ಬರೋಣ. ಬೈಬಲ್ ಆಧಾರದ ಸಲಹೆ ಎಂದರೆ ಸಾಮಾನ್ಯವಾಗಿ ನಾಲ್ಕೈದು ಭಾಗಗಳ ಸುತ್ತಲೇ ನಡೆಯುತ್ತದೆ. ಮೊದಲನೆಯದು ಆದಿಕಾಂಡದ ಎರಡನೇ ಅಧ್ಯಾಯದ 24ನೇ ವಚನ. ಅದರ ಸಾರ ಹೀಗೆ: ಗಂಡಸು ತಂದೆತಾಯಿಯನ್ನು ಬಿಟ್ಟು ಹೆಂಡತಿಯನ್ನು ಸೇರಿಕೊಳ್ಳುತ್ತಾನೆ, ಇಬ್ಬರೂ ಒಂದೇ ಶರೀರವಾಗುತ್ತಾರೆ. ಯೇಸು ಇದನ್ನೇ ಎತ್ತಿ ಹೇಳಿದ, ಪೌಲನೂ ಹೇಳಿದ. ಹೀಗಾಗಿ ಕ್ರೈಸ್ತ ಮದುವೆಯಲ್ಲಿ ಈ ವಾಕ್ಯಕ್ಕೆ ಮೊದಲ ಮರ್ಯಾದೆ.

ಒಂದು ನಿಮಿಷ ನಿಂತು ಯೋಚಿಸಿ. ಬಿಡಬೇಕಾದವನು ಇಲ್ಲಿ ಗಂಡಸು. ನಮ್ಮಲ್ಲಿ ತವರು ಬಿಡುವವಳು ಹೆಣ್ಣು. ಕಣ್ಣೀರು, ಮಡಿಲಕ್ಕಿ, ಮನೆ ತುಂಬಿಸಿಕೊಳ್ಳುವುದು ಎಲ್ಲ ಅವಳಿಗೆ. ಗಂಡು ಮನೆಯಲ್ಲೇ ಇರುತ್ತಾನೆ. ಅವನ ಕೋಣೆಗೆ ಒಂದು ಹೊಸ ಬೀರು ಬರುತ್ತದೆ, ಅಷ್ಟೆ. ಕರ್ನಾಟಕದ ಕ್ರೈಸ್ತ ಮನೆಗಳೂ ಇದಕ್ಕೆ ಹೊರತಲ್ಲ. ಶಿಲುಬೆಯ ಗುರುತಿನ ತಾಳಿ ಕಟ್ಟುವ ಮನೆಗಳು ಅವು. ಅತ್ತೆ ಅತ್ತೆಯೇ, ನಾದಿನಿ ನಾದಿನಿಯೇ.

ಹಾಗಾಗಿ ಈ ಒಂದು ವಾಕ್ಯ ಸಲಹೆಗಾರನ ಕೈಯಲ್ಲಿ ದೊಡ್ಡ ಸಲಕರಣೆ. ಒಂದು ಸಂಸಾರವನ್ನು ಊಹಿಸಿಕೊಳ್ಳಿ. ಸಂಬಳದ ಕವರನ್ನು ಮಗ ಈಗಲೂ ತಾಯಿಯ ಕೈಗೆ ಕೊಡುತ್ತಾನೆ. ಹೆಂಡತಿ ಬಸ್ಸಿನ ಚಾರ್ಜಿಗೂ ಅತ್ತೆಯನ್ನು ಕೇಳಬೇಕು. ಜಗಳ ಆಗಿ ಪಾಸ್ಟರ್ ಹತ್ತಿರ ಬರುತ್ತಾರೆ. ಗಂಡ ಹೇಳುತ್ತಾನೆ, ತಾಯಿತಂದೆಯನ್ನು ಸನ್ಮಾನಿಸು ಎಂಬುದು ಹತ್ತು ಆಜ್ಞೆಗಳಲ್ಲೇ ಇದೆಯಲ್ಲ ಪಾಸ್ಟರ್? ಇದೆ, ನಿಜ. ಆದರೆ ಅದೇ ಗ್ರಂಥದಲ್ಲಿ, ಅದಕ್ಕಿಂತ ಮೊದಲೇ, ಬಿಟ್ಟು ಬಾ ಎಂದೂ ಇದೆ. ಬಿಡುವುದು ಎಂದರೆ ಮನೆ ಬೇರೆ ಮಾಡುವುದೇ ಆಗಬೇಕಿಲ್ಲ. ತೀರ್ಮಾನದ ಜಾಗ ಬದಲಾಗಬೇಕು, ಮೊದಲ ನಿಷ್ಠೆ ಹೆಂಡತಿಯ ಕಡೆ ತಿರುಗಬೇಕು. ಒಳ್ಳೆಯ ಸಲಹೆಗಾರ ಇದನ್ನು ಬಿಡಿಸಿ ಹೇಳುತ್ತಾನೆ. ಒಂದು ಹೆಣ್ಣು ತಾನೇ ಈ ಮಾತು ಆಡಿದರೆ ಮನೆ ಒಡೆಯುವವಳು ಎನ್ನಿಸಿಕೊಳ್ಳುತ್ತಾಳೆ. ಅದನ್ನೇ ಬೈಬಲ್ ಆಡಿದರೆ ಅತ್ತೆಯೂ ಎದುರು ಮಾತಾಡುವುದು ಕಷ್ಟ. ಬೈಬಲ್ ಆಧಾರದ ಸಲಹೆಗೆ ಇರುವ ಬಲ ಇದು. ಅದು ಸಲಹೆಗಾರನ ಸ್ವಂತ ಅಭಿಪ್ರಾಯವಾಗಿ ಬರುವುದಿಲ್ಲ.

ಇಲ್ಲಿ ಒಂದು ಸ್ವಾರಸ್ಯ. ನೀನು ಹೋದಲ್ಲಿಗೆ ನಾನೂ ಬರುತ್ತೇನೆ, ನಿನ್ನ ಜನವೇ ನನ್ನ ಜನ ಎಂಬ ಅರ್ಥದ ಮಾತೊಂದು ಬೈಬಲಿನಲ್ಲಿದೆ. ಮದುವೆಗಳಲ್ಲಿ ಅದನ್ನು ಓದುವುದು ಲೋಕರೂಢಿ. ಕೇಳಿದವರು ಹೆಂಡತಿ ಗಂಡನಿಗೆ ಹೇಳಿದ ಮಾತು ಎಂದುಕೊಳ್ಳುತ್ತಾರೆ. ಅಲ್ಲ. ರೂತಳೆಂಬ ವಿಧವೆ ತನ್ನ ಅತ್ತೆ ನೊವೊಮಿಗೆ ಹೇಳಿದ್ದು ಅದು. ಇಬ್ಬರ ಗಂಡಂದಿರೂ ಸತ್ತುಹೋಗಿದ್ದರು. ಅತ್ತೆ, ನೀನು ತವರಿಗೆ ಹೋಗು ಎಂದಳು. ಸೊಸೆ ಹೋಗಲಿಲ್ಲ. ಅತ್ತೆ ಸೊಸೆಯರ ಪ್ರೀತಿಗೆ ಇಷ್ಟು ದೊಡ್ಡ ಜಾಗ ಕೊಟ್ಟ ಗ್ರಂಥವನ್ನು ಅತ್ತೆ ಸೊಸೆ ಜಗಳದಲ್ಲಿ ಇನ್ನೂ ಹೆಚ್ಚು ಬಳಸಬಹುದಿತ್ತು ಎಂದು ನನಗನ್ನಿಸುತ್ತದೆ.

ಎರಡನೆಯದು ಎಫೆಸದವರಿಗೆ ಬರೆದ ಪತ್ರದ ಐದನೇ ಅಧ್ಯಾಯ. ಹೆಂಡತಿ ಗಂಡನಿಗೆ ಅಧೀನಳಾಗಿರಬೇಕು ಎಂಬ ಮಾತು ಬರುವುದು ಇಲ್ಲಿ, 22ನೇ ವಚನದಲ್ಲಿ. ಇಷ್ಟು ದುಡಿಸಿಕೊಂಡ ವಚನ ಇನ್ನೊಂದಿರಲಾರದು. ಗಂಡಂದಿರಿಗೆ ಬೈಬಲಿನಲ್ಲಿ ಬೇರೇನೂ ಬರದಿದ್ದರೂ ಇದು ಬರುತ್ತದೆ. ಆದರೆ ಅದರ ಹಿಂದಿನ 21ನೇ ವಚನ ಎಲ್ಲರೂ ಒಬ್ಬರಿಗೊಬ್ಬರು ತಗ್ಗಿ ನಡೆಯಬೇಕು ಎನ್ನುತ್ತದೆ. ಗ್ರೀಕಿನ ಕೆಲವು ಅತಿ ಹಳೆಯ ಹಸ್ತಪ್ರತಿಗಳಲ್ಲಿ 22ನೇ ವಚನಕ್ಕೆ ಸ್ವಂತ ಕ್ರಿಯಾಪದವೇ ಇಲ್ಲ, 21ರಿಂದ ಎರವಲು ತಂದು ಓದಿಕೊಳ್ಳಬೇಕು. ಅಂದರೆ ಇಬ್ಬರಿಗೂ ಹೇಳಿದ ಮಾತಿನ ಬಾಲ ಅದು. ಮುಂದೆ ಗಂಡನಿಗೆ ಹೇಳಿರುವುದು ಹೆಂಡತಿಗೆ ಹೇಳಿದ್ದಕ್ಕಿಂತ ಉದ್ದವಾಗಿದೆ: ಕ್ರಿಸ್ತನು ಸಭೆಗಾಗಿ ಪ್ರಾಣ ಕೊಟ್ಟ ಹಾಗೆ ನೀನು ಹೆಂಡತಿಯನ್ನು ಪ್ರೀತಿಸು ಎಂದು. ಪ್ರಾಣ ಕೊಡುವವನಿಗೆ ಯಜಮಾನಿಕೆ ನಡೆಸಲು ಪುರುಸೊತ್ತು ಎಲ್ಲಿಂದ ಬರಬೇಕು?

ಕೊರಿಂಥದವರಿಗೆ ಬರೆದ ಮೊದಲ ಪತ್ರದ ಏಳನೇ ಅಧ್ಯಾಯದಲ್ಲೂ ಇಂಥದೇ ಒಂದು ಆಶ್ಚರ್ಯವಿದೆ. ಹೆಂಡತಿಯ ದೇಹದ ಮೇಲೆ ಗಂಡನಿಗೆ ಅಧಿಕಾರ ಎಂದು ಪೌಲ ಬರೆಯುತ್ತಾನೆ. ಎರಡು ಸಾವಿರ ವರ್ಷದ ಹಿಂದೆ ಇದರಲ್ಲಿ ಹೊಸದೇನೂ ಇರಲಿಲ್ಲ, ಎಲ್ಲರೂ ಹಾಗೇ ನಂಬಿದ್ದರು. ಆದರೆ ಅದೇ ಉಸಿರಿನಲ್ಲಿ ಗಂಡನ ದೇಹದ ಮೇಲೆ ಹೆಂಡತಿಗೂ ಅಧಿಕಾರ ಎಂದ. ಆ ಕಾಲದ ಓದುಗ ಬೆಚ್ಚಿರಬೇಕು.

ಸ್ವಲ್ಪ ನಮ್ಮ ನಾಡಿನ ಚರಿತ್ರೆ. ಬಾಸೆಲ್ ಮಿಷನ್ನಿನ ಮೊದಲ ಮೂವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮಿಷನರಿಗಳ ಮದುವೆಯೇ ಒಂದು ಕಥೆ. ಅವರು ಒಂಟಿಯಾಗಿ ಬರುತ್ತಿದ್ದರು. ಕೆಲವು ವರ್ಷ ಕೆಲಸ ಮಾಡಿದ ಮೇಲೆ ಮದುವೆಗೆ ಅನುಮತಿ ಕೇಳಿ ಬಾಸೆಲಿನ ಸಮಿತಿಗೆ ಪತ್ರ ಬರೆಯಬೇಕಿತ್ತು. ಹುಡುಗಿಯನ್ನು ಅಲ್ಲಿಯೇ ನೋಡಿ, ಸಮಿತಿ ಒಪ್ಪಿ, ಹಡಗು ಹತ್ತಿಸಿ ಕಳಿಸುತ್ತಿದ್ದರು. ಎಷ್ಟೋ ಜೋಡಿಗಳು ಒಬ್ಬರ ಮುಖ ಒಬ್ಬರು ನೋಡಿದ್ದು ವಧು ಹಡಗಿನಿಂದ ಇಳಿದ ಮೇಲೆ. ಹಿರಿಯರು ಗೊತ್ತುಮಾಡಿದ ಮದುವೆ ನಮ್ಮ ಸೊತ್ತು ಎಂದುಕೊಂಡವರು ಇದನ್ನು ಗಮನಿಸಬೇಕು. ಇಂಥವರು ಬಂದು ಕನ್ನಡ, ತುಳು ಸಭೆಗಳನ್ನು ಕಟ್ಟಿದರು. ಆ ಸಭೆಗಳಲ್ಲಿ ಗಂಡ ಹೆಂಡಿರ ವ್ಯಾಜ್ಯ ಹಿರಿಯರ ಮುಂದೆ ಬರುತ್ತಿತ್ತು, ತಪ್ಪಿತಸ್ಥರನ್ನು ಪ್ರಭು ಭೋಜನದಿಂದ ದೂರ ಇಡುತ್ತಿದ್ದರು. ಅದು ಸಲಹೆಗಿಂತ ಶಿಸ್ತಿನ ಕ್ರಮ.

ನಮ್ಮ ನಿಘಂಟಿನ ಕಿಟೆಲ್ ಸಾಹೇಬರ ಸಂಗತಿಯೂ ಇದೆ. ಮೊದಲ ಹೆಂಡತಿ ಪೌಲಿನ್ ತೀರಿಕೊಂಡ ಮೇಲೆ ಅವರು ಮದುವೆಯಾದದ್ದು ಆಕೆಯ ಸಹೋದರಿ ಜೂಲಿಯನ್ನು. ನಮಗೆ ಇದರಲ್ಲಿ ಅಚ್ಚರಿ ಇಲ್ಲ, ಮಕ್ಕಳಿಗೆ ಚಿಕ್ಕಮ್ಮನೇ ತಾಯಿಯಾಗುವುದು ಎಷ್ಟೋ ಮನೆಗಳಲ್ಲಿ ಕಂಡದ್ದೇ. ಆದರೆ ಅದೇ ಕಾಲದ ಇಂಗ್ಲೆಂಡಿನಲ್ಲಿ, ಬೈಬಲಿನ ಯಾಜಕಕಾಂಡವನ್ನು ಆಧಾರವಾಗಿ ಹಿಡಿದು, ಸತ್ತ ಹೆಂಡತಿಯ ಸಹೋದರಿಯನ್ನು ಮದುವೆಯಾಗುವುದನ್ನು ಕಾನೂನು ನಿಷೇಧಿಸಿತ್ತು. ಆ ನಿಷೇಧ ಹೋದದ್ದು 1907ರಲ್ಲಿ. ಜರ್ಮನ್ ಪಾದ್ರಿಗೆ ಆದ ಮದುವೆ ಇಂಗ್ಲಿಷ್ ಪಾದ್ರಿಗೆ ಆಗದು. ಬೈಬಲ್ ಒಂದೇ, ಓದು ಬೇರೆ.

ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ನಮ್ಮ ಪದ್ಧತಿಯೂ ಹೀಗೇ ಚರ್ಚನ್ನು ಇಕ್ಕಟ್ಟಿಗೆ ಸಿಕ್ಕಿಸಿತು. ಯಾಜಕಕಾಂಡದ 18ನೇ ಅಧ್ಯಾಯದ ಪಟ್ಟಿಯಲ್ಲಿ ಅತ್ತೆ, ಚಿಕ್ಕಮ್ಮಂದಿರು ಇದ್ದಾರೆ, ಸೋದರ ಸೊಸೆಯ ಹೆಸರು ನೇರವಾಗಿ ಇಲ್ಲ. ಕಥೋಲಿಕ ಧರ್ಮಶಾಸನವಾದರೋ ಅಕ್ಕನ ಮಗಳು, ಮಾವನ ಮಗಳು ಇಬ್ಬರನ್ನೂ ನಿಷಿದ್ಧ ಸಂಬಂಧದೊಳಗೆ ಸೇರಿಸುತ್ತದೆ, ವಿಶೇಷ ಅನುಮತಿ ಇಲ್ಲದೆ ಮದುವೆ ಆಗುವಂತಿಲ್ಲ. 1980ರ ದಶಕದಲ್ಲಿ ಬೆಂಗಳೂರು, ಮೈಸೂರು ಆಸ್ಪತ್ರೆಗಳ ಬಾಣಂತಿಯರ ನಡುವೆ ನಡೆದ ದೊಡ್ಡ ಅಧ್ಯಯನದಲ್ಲಿ ಸುಮಾರು ಮೂರನೇ ಒಂದು ಪಾಲು ಮದುವೆಗಳು ರಕ್ತಸಂಬಂಧದಲ್ಲೇ ಆಗಿದ್ದವು. ಇಂಥ ನಾಡಿನಲ್ಲಿ ಪಾದ್ರಿಯಾದವನಿಗೆ ವಂಶವೃಕ್ಷ ಬರೆಯುವುದೂ ಗೊತ್ತಿರಬೇಕು.

ಇನ್ನೊಂದು ಕಷ್ಟ ಮತಾಂತರದ್ದು. ಗಂಡ ಕ್ರೈಸ್ತನಾದ, ಹೆಂಡತಿ ಆಗಲಿಲ್ಲ, ತವರಿಗೆ ಹೋದಳು. ಇಲ್ಲವೇ ಅವಳು ಕ್ರೈಸ್ತಳಾದಳು, ಗಂಡ ಮನೆಗೆ ಸೇರಿಸಲಿಲ್ಲ. ಈ ಮದುವೆಯ ಗತಿ ಏನು? ನಂಬದವರು ಅಗಲಿ ಹೋದರೆ ಹೋಗಲಿ ಎಂದು ಪೌಲ ಬರೆದಿದ್ದ. ಅದೇ ಜಾಡಿನಲ್ಲಿ 1866ರಲ್ಲಿ ಬ್ರಿಟಿಷ್ ಸರ್ಕಾರ ಮತಾಂತರ ಹೊಂದಿದವರ ವಿವಾಹ ವಿಸರ್ಜನೆಗೆ ಒಂದು ಕಾಯ್ದೆ ತಂದಿತು. ಅದರಲ್ಲಿ ನನ್ನ ಗಮನ ಸೆಳೆದದ್ದು ಒಂದು ಅಂಶ. ನ್ಯಾಯಾಧೀಶ ಎದುರಿನವರನ್ನು ಕರೆಸಿ, ಜೊತೆಗಿರಲು ಒಪ್ಪದೆ ಇರುವುದು ಮತಾಂತರದ ಕಾರಣಕ್ಕೋ ಎಂದು ವಿಚಾರಿಸಬೇಕಿತ್ತು. ಹೌದೆಂದರೂ ಕೂಡಲೇ ತೀರ್ಪು ಕೊಡುವಂತಿರಲಿಲ್ಲ, ಒಂದು ವರ್ಷ ಮುಂದೂಡಬೇಕಿತ್ತು. ಮನಸ್ಸು ಬದಲಾದೀತು ಎಂದು ಕಾನೂನೇ ಕಾಯುತ್ತಿತ್ತು.

ಈಗಿನ ಅರ್ಥದಲ್ಲಿ ಕೌನ್ಸೆಲಿಂಗ್ ಎಂಬುದು ಬಂದದ್ದು ತೀರ ಈಚೆಗೆ. ಅಮೆರಿಕದ ಪಾದ್ರಿ ಆಂಟನ್ ಬಾಯ್ಸನ್ ಸ್ವತಃ ಮನೋರೋಗದಿಂದ ಆಸ್ಪತ್ರೆ ಸೇರಿ ಹೊರಬಂದವರು. ಪಾದ್ರಿಯಾಗಲು ಓದುವವರು ಪುಸ್ತಕದ ಜೊತೆಗೆ ರೋಗಿಗಳನ್ನೂ ಓದಬೇಕೆಂದು 1925ರಲ್ಲಿ ಆಸ್ಪತ್ರೆಯಲ್ಲೇ ಅವರ ತರಬೇತಿ ಶುರುಮಾಡಿದರು. ಮನಶ್ಶಾಸ್ತ್ರ ಚರ್ಚಿನೊಳಗೆ ಬಂದದ್ದು ಈ ಬಾಗಿಲಿನಿಂದ. ಇದಕ್ಕೆ ವಿರುದ್ಧವಾಗಿ 1970ರಲ್ಲಿ ಜೇ ಆಡಮ್ಸ್ ಎಂಬವರು 'ಕಾಂಪಿಟೆಂಟ್ ಟು ಕೌನ್ಸೆಲ್' ಎಂಬ ಪುಸ್ತಕ ಬರೆದು, ಮನಶ್ಶಾಸ್ತ್ರ ಬೇಡ, ಬೈಬಲ್ ಸಾಕು ಎಂದರು. ಬಹುಪಾಲು ಸಮಸ್ಯೆಗಳ ಬುಡ ಪಾಪ, ತಿದ್ದಿ ಹೇಳುವುದೇ ಮದ್ದು ಎಂಬುದು ಅವರ ವಾದ. ಇವತ್ತಿಗೂ ಕ್ರೈಸ್ತ ಸಲಹೆಗಾರರಲ್ಲಿ ಈ ಎರಡು ಮನೆಗಳಿವೆ. ಒಂದು ಮನೆಯವರು ಮೊದಲು ಕೇಳುತ್ತಾರೆ, ಇನ್ನೊಂದು ಮನೆಯವರು ಮೊದಲು ಹೇಳುತ್ತಾರೆ.

ನಮ್ಮ ಕಡೆ ವೆಲ್ಲೂರಿನ ಕ್ರಿಶ್ಚಿಯನ್ ಕೌನ್ಸೆಲಿಂಗ್ ಸೆಂಟರ್ ಬಹಳ ಜನರನ್ನು ತಯಾರು ಮಾಡಿತು. ಅಲ್ಲಿನ ಬಿ.ಜೆ. ಪ್ರಶಾಂತಂ ಅವರು ಪಶ್ಚಿಮದ ಪುಸ್ತಕಗಳ ಉದಾಹರಣೆ ನಮಗೆ ಹೊಂದದು ಎಂದು ಭಾರತೀಯ ಪ್ರಕರಣಗಳನ್ನೇ ಆಯ್ದು ಒಂದು ಪುಸ್ತಕ ಮಾಡಿದರು. ಬೆಂಗಳೂರಿನಲ್ಲಿ 1910ರಷ್ಟು ಹಳೆಯದಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜ್ ಇದೆ. ಇತ್ತ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. 1974ರಲ್ಲಿ ಈ ರೂಪಕ್ಕೆ ಬಂದ ಸಂಸ್ಥೆ ಆ ದಶಕದಲ್ಲೇ ಕುಟುಂಬವನ್ನು ಒಟ್ಟಾಗಿ ಕೂರಿಸಿ ಚಿಕಿತ್ಸೆ ಕೊಡುವ ವಿಭಾಗ ತೆರೆಯಿತು. ಕುಡಿತ ಬಿಡದ ಗಂಡ, ಹೆರಿಗೆಯ ನಂತರ ಮಂಕಾದ ಹೆಂಡತಿ ಪಾದ್ರಿಯ ಮುಂದೆ ಬಂದಾಗ ಪ್ರಾರ್ಥನೆ ಮಾಡಿ ಜೊತೆಗೇ ನಿಮ್ಹಾನ್ಸ್‌ಗೆ ಚೀಟಿ ಬರೆದುಕೊಡುವವರು ಇದ್ದಾರೆ. ಪ್ರಾರ್ಥನೆ ಸಾಕು ಎನ್ನುವವರೂ ಇದ್ದಾರೆ. ನನಗೆ ಮೊದಲಿನವರ ಮೇಲೆ ಗೌರವ ಹೆಚ್ಚು.

ಇಲ್ಲಿಯವರೆಗೆ ಹೇಳಿದ್ದು ಹಗುರವಾದ ಭಾಗ. ಈಗ ಕಠಿಣವಾದದ್ದು. ಗಂಡ ಹೊಡೆಯುತ್ತಾನೆ. ಹೆಂಡತಿ ಪಾಸ್ಟರ್ ಹತ್ತಿರ ಬಂದಿದ್ದಾಳೆ. ಅವರು ಏನು ಹೇಳಬೇಕು?

ಇದು ಅಪರೂಪದ ಪ್ರಶ್ನೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ, 18ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡ 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು ಶೇಕಡ 20.6 ಇತ್ತು. ಇದು ಎಲ್ಲ ಧರ್ಮದವರ ಲೆಕ್ಕ. ಪೆಟ್ಟಿಗೆ ಜಾತಿಯಿಲ್ಲ.

ಹೀಗೆ ಬಂದವಳಿಗೆ ಹಳೆಯ ರೀತಿಯ ಸಲಹೆ ಏನೆಂದರೆ, ತಗ್ಗಿ ನಡೆ, ಪ್ರಾರ್ಥಿಸು, ಎಪ್ಪತ್ತೇಳು ಸಲ ಕ್ಷಮಿಸು, ದೇವರು ಕೂಡಿಸಿದ್ದನ್ನು ಮನುಷ್ಯರು ಅಗಲಿಸಬಾರದು. ಒಂದೊಂದು ಮಾತಿಗೂ ಬೈಬಲಿನಲ್ಲಿ ಜಾಗ ತೋರಿಸಬಹುದು. ಬೈಬಲ್ ಬಲವಾಗಿದ್ದಷ್ಟೂ ಸಲಹೆಗೆ ಬಲ ಹೆಚ್ಚು ಎಂದೆನಲ್ಲ, ಆ ಬಲವೇ ಇಲ್ಲಿ ಅಪಾಯ. ಅತ್ತೆಗೆ ಎದುರು ಮಾತಾಡಲಾಗದ ವಾಕ್ಯದ ಹಾಗೆಯೇ ಪೆಟ್ಟು ತಿಂದವಳಿಗೂ ಎದುರು ಮಾತಾಡಲಾಗದ ವಾಕ್ಯ ಇರುತ್ತದೆ. ಅವಳು ಮನೆಗೆ ವಾಪಸ್ಸು ಹೋಗುತ್ತಾಳೆ.

ಆದರೆ ಅದೇ ಪುಟಗಳನ್ನು ಪೂರ್ತಿ ಓದಿದರೆ? ದೇವರು ವಿಚ್ಛೇದನವನ್ನು ದ್ವೇಷಿಸುತ್ತಾನೆ ಎಂದು ತೋರಿಸುವ ಮಲಾಕಿಯನ ಎರಡನೇ ಅಧ್ಯಾಯದ 16ನೇ ವಚನದಲ್ಲಿ ಹಿಂಸೆಯ ಮಾತೂ ಸೇರಿಕೊಂಡಿದೆ. ಮೂಲ ಹೀಬ್ರೂ ಕ್ಲಿಷ್ಟ. ಹೆಂಡತಿಯನ್ನು ತೊರೆದುಬಿಡುವವನ ಬಟ್ಟೆಗೆ ಹಿಂಸೆ ಅಂಟಿಕೊಂಡಿದೆ ಎಂಬ ಅರ್ಥ ಬರುವಂತೆ ಅನುವಾದಿಸಿದವರೂ ಇದ್ದಾರೆ. ಹೇಗೆ ಓದಿದರೂ ಆ ಪ್ರವಾದಿಯ ಸಿಟ್ಟು ಹೆಂಡತಿಗೆ ದ್ರೋಹ ಮಾಡಿದ ಗಂಡಸರ ಮೇಲೆ, ಕಷ್ಟದಲ್ಲಿರುವ ಹೆಂಗಸಿನ ಮೇಲಲ್ಲ. ಇನ್ನು ಕ್ಷಮೆ. ಮತ್ತಾಯನ 18ನೇ ಅಧ್ಯಾಯದಲ್ಲಿ ಕ್ಷಮೆಯ ಲೆಕ್ಕ ಬರುವ ಮುಂಚೆ ತಪ್ಪು ಮಾಡಿದವನನ್ನು ಏನು ಮಾಡಬೇಕೆಂಬ ಕ್ರಮವಿದೆ. ಮೊದಲು ಒಬ್ಬನೇ ಹೋಗಿ ಹೇಳು, ಕೇಳದಿದ್ದರೆ ಇಬ್ಬರು ಮೂವರನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು, ಸಭೆಯನ್ನೂ ಕೇಳದಿದ್ದರೆ ಅವನನ್ನು ಹೊರಗಿನವನೆಂದು ಎಣಿಸು. ಕ್ಷಮೆಗೆ ಮೊದಲು ತಪ್ಪು ಬೆಳಕಿಗೆ ಬರಬೇಕು ಎಂಬುದು ಇದರ ತಿರುಳು. ಆದರೆ ಇಲ್ಲೂ ಎಚ್ಚರಿಕೆ ಬೇಕು. ಹೊಡೆಸಿಕೊಂಡವಳಿಗೆ ಮೊದಲ ಮೆಟ್ಟಿಲನ್ನು ಹೇಳಿ, ನೀನೊಬ್ಬಳೇ ಹೋಗಿ ಅವನ ಹತ್ತಿರ ಮಾತಾಡು ಎಂದು ಕಳಿಸಿದರೆ ಅದು ಇನ್ನೊಂದು ಪೆಟ್ಟಿಗೆ ಕಳಿಸಿದಂತೆ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸುವುದೂ ಇಂಥಲ್ಲಿ ನಡೆಯದು. ಗಂಡನ ಎದುರು ಅವಳು ನಿಜ ಹೇಳಿದರೆ ಅದರ ಬೆಲೆ ಮನೆಯಲ್ಲಿ ತೆರಬೇಕಾಗುತ್ತದೆ.

ಕಥೋಲಿಕ ಧರ್ಮಶಾಸನ ಈ ವಿಷಯದಲ್ಲಿ ಜನ ಎಣಿಸಿದ್ದಕ್ಕಿಂತ ಸ್ಪಷ್ಟವಾಗಿದೆ. ಒಬ್ಬರಿಂದ ಇನ್ನೊಬ್ಬರ ದೇಹಕ್ಕೋ ಆತ್ಮಕ್ಕೋ, ಮಕ್ಕಳಿಗೋ ಗಂಭೀರ ಅಪಾಯ ಇದ್ದರೆ ಬೇರೆ ಹೋಗಲು ಅದು ನ್ಯಾಯವಾದ ಕಾರಣ ಎಂದು 1153ನೇ ಕಲಂ ಹೇಳುತ್ತದೆ. ತಡ ಮಾಡಿದರೆ ಅಪಾಯ ಎನ್ನುವ ಸ್ಥಿತಿಯಲ್ಲಿ ಮೊದಲು ಅನುಮತಿ ಪಡೆಯಬೇಕೆಂದೂ ಇಲ್ಲ. 2016ರಲ್ಲಿ ಪೋಪ್ ಫ್ರಾನ್ಸಿಸ್ ಕುಟುಂಬದ ಬಗ್ಗೆ ಬರೆದ ಪತ್ರದಲ್ಲಿ, ಕೆಲವು ಸಂದರ್ಭಗಳಲ್ಲಿ ಬೇರೆಯಾಗುವುದು ನೈತಿಕವಾಗಿಯೇ ಅಗತ್ಯ ಎಂದರು. ಈ ಕಲಂ ಬೆಂಗಳೂರಿನ ಎಷ್ಟು ಹೆಣ್ಣುಮಕ್ಕಳಿಗೆ ಗೊತ್ತಿದೆ? ಮದುವೆ ತರಬೇತಿಯಲ್ಲಿ ಅದನ್ನು ಓದಿ ಹೇಳಿದರೆ ಒಳ್ಳೆಯದು.

ನಮ್ಮ ದೇಶದ ಕಾನೂನೂ ಇಲ್ಲಿ ಒಂದು ಒಳ್ಳೆಯ ಮಾತು ಹೇಳಿದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ನ್ಯಾಯಾಧೀಶರು ಕೌನ್ಸೆಲಿಂಗ್‌ಗೆ ಕಳಿಸಬಹುದು. ಅದಕ್ಕೆ 2006ರಲ್ಲಿ ನಿಯಮಗಳು ಬಂದವು. 14ನೇ ನಿಯಮದ ಪ್ರಕಾರ, ಹೊಡೆದದ್ದಕ್ಕೆ ಕಾರಣ ಕೊಟ್ಟು ಸಮರ್ಥಿಸಿಕೊಳ್ಳಲು ಅವಕಾಶ ಇಲ್ಲ ಎಂದು ಕೌನ್ಸೆಲಿಂಗ್ ಆರಂಭವಾಗುವ ಮೊದಲೇ ಗಂಡನಿಗೆ ತಿಳಿಸಬೇಕು. ಸಾರಿಗೆ ಉಪ್ಪು ಹೆಚ್ಚಾಗಿತ್ತು, ಎದುರು ಮಾತಾಡಿದಳು, ಹೇಳಿದ ಮಾತು ಕೇಳಲಿಲ್ಲ ಎಂಬ ಯಾವ ಪುರಾಣವೂ ನಡೆಯದು. ಚರ್ಚಿನ ಕೋಣೆ ಇರಲಿ, ಮಠದ ಜಗಲಿ ಇರಲಿ, ಸಂಧಾನಕ್ಕೆ ಕೂರುವವರೆಲ್ಲ ಈ ಒಂದು ನಿಯಮವನ್ನು ಗೋಡೆಗೆ ಅಂಟಿಸಿಕೊಳ್ಳಬಹುದು.

ಇನ್ನು ಮುರಿದ ಮದುವೆ. ಕ್ರೈಸ್ತರ ವಿಚ್ಛೇದನಕ್ಕೆ 1869ರ ಕಾಯ್ದೆ ಇದೆ. 2001ರವರೆಗೆ ಅದರಲ್ಲಿ ಗಂಡನಿಗೆ ಹೆಂಡತಿಯ ವ್ಯಭಿಚಾರ ಒಂದನ್ನು ತೋರಿಸಿದರೆ ಸಾಕಾಗಿತ್ತು. ಹೆಂಡತಿಗೆ ಅದು ಸಾಲದು, ಜೊತೆಗೆ ಕ್ರೌರ್ಯವನ್ನೋ ಎರಡು ವರ್ಷ ತೊರೆದದ್ದನ್ನೋ ತೋರಿಸಬೇಕಿತ್ತು. ಬರೀ ಹೊಡೆತ ಬಡಿತಕ್ಕೆ ವಿಚ್ಛೇದನ ಇರಲಿಲ್ಲ, ಬೇರೆ ಇರಲು ಆದೇಶ ಮಾತ್ರ ಸಿಗುತ್ತಿತ್ತು. ಜಿಲ್ಲಾ ನ್ಯಾಯಾಲಯ ವಿಚ್ಛೇದನ ಕೊಟ್ಟರೂ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳು ಅದನ್ನು ಖಾಯಂ ಮಾಡಬೇಕಿತ್ತು. 1995ರಲ್ಲಿ ಕೇರಳ ಹೈಕೋರ್ಟ್, 1997ರಲ್ಲಿ ಮುಂಬೈ ಹೈಕೋರ್ಟ್ ಈ ಪಕ್ಷಪಾತವನ್ನು ತಳ್ಳಿಹಾಕಿದವು. 2001ರ ತಿದ್ದುಪಡಿ ಗಂಡು ಹೆಣ್ಣಿಗೆ ಒಂದೇ ಕಾರಣಗಳನ್ನು ಇಟ್ಟಿತು. ಪರಸ್ಪರ ಒಪ್ಪಿಗೆಯ ವಿಚ್ಛೇದನವೂ ಬಂತು. ಆದರೆ ಬೇರೆಯವರಿಗೆ ಒಂದು ವರ್ಷ ಪ್ರತ್ಯೇಕ ಇದ್ದರೆ ಸಾಕು ಎಂದಿದ್ದಾಗ ಕ್ರೈಸ್ತರಿಗೆ ಎರಡು ವರ್ಷ ಎಂದಿಟ್ಟರು. ಅದನ್ನು ಒಂದು ವರ್ಷವೆಂದೇ ಓದಬೇಕೆಂದು 2010ರಲ್ಲಿ ಕೇರಳ ಹೈಕೋರ್ಟ್ ಹೇಳಿತು, ಬಳಿಕ ಕರ್ನಾಟಕ ಹೈಕೋರ್ಟೂ ಆ ದಾರಿ ಹಿಡಿಯಿತು. 2022ರ ಡಿಸೆಂಬರಿನಲ್ಲಿ ಕೇರಳ ಹೈಕೋರ್ಟ್ ಆ ಒಂದು ವರ್ಷದ ಕಾಯುವಿಕೆಯೂ ಸಂವಿಧಾನಕ್ಕೆ ಹೊಂದದು ಎಂದಿತು.

ಜನ ಹೆಚ್ಚಾಗಿ ಎಡವುವುದು ಇನ್ನೊಂದು ಕಡೆ. ಕಥೋಲಿಕ ಚರ್ಚಿನಲ್ಲಿ ವಿಚ್ಛೇದನ ಇಲ್ಲ. ಆದರೆ ಮದುವೆ ಮೊದಲಿನಿಂದಲೇ ಸಿಂಧುವಾಗಿರಲಿಲ್ಲ ಎಂದು ಚರ್ಚಿನ ನ್ಯಾಯಮಂಡಳಿ ಘೋಷಿಸಬಹುದು. ನಾನು ಹೇಳಿದೆನಲ್ಲ, ಬಲವಂತದ ಒಪ್ಪಿಗೆ, ಅಂಥ ಕಾರಣಗಳಿಗೆ. 2015ರಲ್ಲಿ ಪೋಪ್ ಫ್ರಾನ್ಸಿಸ್ ಆ ವಿಚಾರಣೆಯನ್ನು ಸರಳ ಮಾಡಿದರು, ಎರಡು ಮಂಡಳಿಗಳಲ್ಲಿ ಒಂದೇ ತೀರ್ಪು ಬರಬೇಕೆಂಬ ಷರತ್ತು ಹೋಯಿತು. ಆ ಕಾಗದ ಹಿಡಿದು ಮರುಮದುವೆಗೆ ಹೊರಟರೆ ಏನಾಗುತ್ತದೆ? ಚರ್ಚಿನ ಘೋಷಣೆಯಿಂದ ಕಾನೂನಿನ ಮದುವೆ ಬಿಡುಗಡೆಯಾಗದು ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಮೋಳಿ ಜೋಸೆಫ್ ಪ್ರಕರಣದಲ್ಲೇ ಹೇಳಿತ್ತು. ಚರ್ಚಿನ ತೀರ್ಪಿಗೆ ಮಾನ್ಯತೆ ಕೊಡಿ ಎಂದು ಕೇಳಿ ಮಂಗಳೂರಿನ ಕ್ಲಾರೆನ್ಸ್ ಪಾಯಸ್ ಅವರು ಮತ್ತೆ ಸುಪ್ರೀಂ ಕೋರ್ಟಿಗೆ ಹೋದರು. 2017ರ ಜನವರಿಯಲ್ಲಿ ಅದೂ ವಜಾ ಆಯಿತು. ಆದ್ದರಿಂದ ಚರ್ಚಿನ ಕಾಗದವೊಂದೇ ಇದ್ದರೆ ಎರಡನೇ ಮದುವೆ ದ್ವಿಪತ್ನಿತ್ವದ ಅಪರಾಧವಾದೀತು. ಹಳೆಯ ದಂಡಸಂಹಿತೆಯ 494ನೇ ಕಲಂ, ಈಗ ಭಾರತೀಯ ನ್ಯಾಯ ಸಂಹಿತೆಯ 82. ಸಲಹೆಗೆ ಕೂರುವ ಪಾದ್ರಿಗಳು ಇದನ್ನು ಮೊದಲ ದಿನವೇ ಹೇಳಬೇಕು, ನ್ಯಾಯದೇಗುಲದ ದಾರಿಯನ್ನೂ ತೋರಿಸಬೇಕು.

ಮುರಿಯುವಷ್ಟು ಕೆಟ್ಟಿಲ್ಲ, ಆದರೆ ಮಾತು ಬತ್ತಿದೆ ಎನ್ನುವ ಮನೆಗಳಿಗೆ ಬೇರೆ ಉಪಾಯವಿದೆ. 1960ರ ದಶಕದ ಸ್ಪೇನಿನಲ್ಲಿ ಗೇಬ್ರಿಯಲ್ ಕಾಲ್ವೋ ಎಂಬ ಪಾದ್ರಿ ಶುರುಮಾಡಿದ ಮ್ಯಾರೇಜ್ ಎನ್‌ಕೌಂಟರ್ ಬೆಂಗಳೂರಿಗೂ ಬಂದಿದೆ. ವಾರಾಂತ್ಯದಲ್ಲಿ ದಂಪತಿಗಳು ಮನೆ ಬಿಟ್ಟು ಬಂದು ಇರುತ್ತಾರೆ. ಗಂಡ ಒಂದು ಪುಸ್ತಕದಲ್ಲಿ, ಹೆಂಡತಿ ಒಂದು ಪುಸ್ತಕದಲ್ಲಿ ತಮ್ಮ ಮನಸ್ಸಿನಲ್ಲಿರುವುದನ್ನು ಬರೆದು, ಪುಸ್ತಕ ಬದಲಾಯಿಸಿಕೊಂಡು ಓದುತ್ತಾರೆ. ಆಮೇಲೆ ಮಾತು. ಎಲ್ಲರೆದುರು ಏನನ್ನೂ ಹೇಳಬೇಕಿಲ್ಲ. ಮಾತಾಡಿದರೆ ಜಗಳ ಆಗುವ ವಿಷಯ ಬರೆದಾಗ ಪೂರ್ತಿ ಹೊರಗೆ ಬರುತ್ತದೆ, ನಡುವೆ ಬಾಯಿ ಹಾಕುವವರಿಲ್ಲ. ಇದಕ್ಕೆ ಬೈಬಲೂ ಬೇಕಿಲ್ಲ, ಎರಡು ನೋಟ್ ಪುಸ್ತಕ ಸಾಕು ಎಂದು ನೀವು ಹೇಳಬಹುದು. ನಾನೂ ಒಪ್ಪುತ್ತೇನೆ.

ಮುಗಿಸುವ ಮೊದಲು ಇಲ್ಲಿಗೆ ಬರುವಾಗ ಮನಸ್ಸಿನಲ್ಲಿದ್ದ ಒಂದು ಪ್ರಶ್ನೆ. ಸಲಹೆಗಾರರ ಮುಂದೆ ಹೇಳಿದ ಗುಟ್ಟು ಹೊರಗೆ ಹೋಗುವುದಿಲ್ಲವೇ? ಕಥೋಲಿಕರ ಪಾಪನಿವೇದನೆಯಲ್ಲಿ ಹೇಳಿದ್ದನ್ನು ಪಾದ್ರಿ ಯಾರಿಗೂ, ಯಾವ ಕಾರಣಕ್ಕೂ ಹೇಳುವಂತಿಲ್ಲ. ಕೌನ್ಸೆಲಿಂಗ್ ಪಾಪನಿವೇದನೆಯಲ್ಲ. ಗಂಡ ಹೆಂಡತಿ ನಡುವಿನ ಮಾತಿಗೆ, ವಕೀಲರಿಗೆ ಹೇಳಿದ ಮಾತಿಗೆ ನಮ್ಮ ಸಾಕ್ಷ್ಯ ಕಾನೂನಿನಲ್ಲಿ ರಕ್ಷಣೆ ಇದೆ. ಪಾದ್ರಿಗೆ ಹೇಳಿದ ಮಾತಿಗೆ ಅಂಥ ರಕ್ಷಣೆ ಬರೆದಿಲ್ಲ. ಇನ್ನು ಸಣ್ಣ ಸಭೆಗಳಲ್ಲಿ ಪಾಸ್ಟರ್‌ಗೆ ಗೊತ್ತಾದದ್ದು ಪಾಸ್ಟರಮ್ಮನಿಗೆ, ಅವರಿಂದ ಮಹಿಳಾ ಕೂಟಕ್ಕೆ ದಾಟುವ ಭಯ ಎಷ್ಟೋ ಜನರನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಹಾಗಾಗಿ ಮೊದಲ ಭೇಟಿಯಲ್ಲೇ, ಕುರ್ಚಿ ಎಳೆದುಕೊಳ್ಳುವ ಮುಂಚೆ, ಕೇಳಿಬಿಡಿ: ಇಲ್ಲಿ ಆಡಿದ ಮಾತು ಯಾರ್ಯಾರಿಗೆ ತಿಳಿಯುತ್ತದೆ, ಬರೆದಿಟ್ಟುಕೊಳ್ಳುತ್ತೀರಾ, ಆ ಪುಸ್ತಕ ಎಲ್ಲಿರುತ್ತದೆ, ನಿಮಗೆ ಈ ಕೆಲಸದಲ್ಲಿ ತರಬೇತಿ ಆಗಿದೆಯೇ. ಮನೆಯಲ್ಲಿ ಹೊಡೆತ ಇದ್ದರೆ ಭೇಟಿಗೂ ಕಾಯಬೇಡಿ. ಮಹಿಳಾ ಸಹಾಯವಾಣಿ 181 ಇದೆ, ಪೊಲೀಸ್ ಕಮಿಷನರ್ ಕಚೇರಿಯಲ್ಲಿ 1999ರಲ್ಲಿ ಆರಂಭವಾದ ವನಿತಾ ಸಹಾಯವಾಣಿ ಇದೆ. ಅಲ್ಲಿ ಯಾವ ಚರ್ಚು, ಯಾವ ದೇವಸ್ಥಾನ ಎಂದು ಯಾರೂ ಕೇಳುವುದಿಲ್ಲ.